ಆಟದಂಗಳದಲ್ಲಿ ಮನಸ್ಸು

(ಶ್ರೀಮಠದ ವಿದ್ಯಾರ್ಥಿಗಳ ವಾರ್ಷಿಕ ಕ್ರೀಡಾಕೂಟದ ಸಮಾರೋಪದಲ್ಲಿ ದಯಪಾಲಿಸಿದ ಆಶೀರ್ವಚನ)



ಬೆಳಗಿನಿಂದ ಬಿಸಿಲಿನಲ್ಲಿ ಓಡಿ, ಹಾರಿ, ಮಣ್ಣಿನಲ್ಲಿ ಹೊರಳಾಡಿ ದಣಿದಿದ್ದೀರಿ. ಹೊಟ್ಟೆ ಚುರುಗುಟ್ಟುತ್ತಿದೆ, ದಾಸೋಹದ ಮನೆಯಿಂದ ಸಾರಿನ ವಾಸನೆ ಬೇರೆ ಬರುತ್ತಿದೆ. ಇಂಥ ಹೊತ್ತಿನಲ್ಲಿ ಸ್ವಾಮಿಗಳು ಉದ್ದನೆಯ ಉಪದೇಶಕ್ಕೆ ತೊಡಗಿದರೆ ಮಕ್ಕಳು ಮನಸ್ಸಿನಲ್ಲಿಯೇ ಗೊಣಗಿಕೊಳ್ಳುತ್ತಾರೆಂಬುದು ನಮಗೆ ಗೊತ್ತು. ನಾವೂ ಇದೇ ಪ್ರಸಾದನಿಲಯದಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಬೆಳೆದವರೇ. ಆದರೂ ಒಂದು ಮಾತನ್ನು ಈ ದಿನ ಹೇಳದೆ ಬಿಡುವಂತಿಲ್ಲ. ಮಕ್ಕಳಿಗಿಂತ ಹೆಚ್ಚಾಗಿ ಹಿಂದೆ ಕುಳಿತಿರುವ ಹಿರಿಯರು ಅದನ್ನು ಕೇಳಬೇಕು.

ಹೋದ ತಿಂಗಳು ಒಬ್ಬ ಗೃಹಸ್ಥರು ಮಠಕ್ಕೆ ಬಂದರು. ಅಡ್ಡಬಿದ್ದು ಎದ್ದವರೇ, "ಬುದ್ಧಿ, ನಮ್ಮ ಹುಡುಗನಿಗೆ ತಾವೇ ನಾಲ್ಕು ಮಾತು ಹೇಳಬೇಕು, ಊರಿನ ಮರ್ಯಾದೆ ಕಳೆದುಬಿಟ್ಟ" ಎಂದರು. ನಮಗೆ ಗಾಬರಿಯಾಯಿತು. "ಏನು ಮಾಡಿದನಪ್ಪಾ, ಕಳ್ಳತನ ಮಾಡಿದನೆ, ಯಾರಿಗಾದರೂ ಹೊಡೆದನೆ?" ಎಂದು ಕೇಳಿದೆವು. "ಇಲ್ಲ ಬುದ್ಧಿ, ಕಬಡ್ಡಿಯಲ್ಲಿ ಸೋಲಿಸಿದ" ಎಂದರು! ನಮಗೆ ನಗು ಬಂತು. ಆದರೆ ಅವರ ಮುಖ ನೋಡಿದ ಮೇಲೆ ನಗುವುದು ಸರಿಯಲ್ಲವೆನಿಸಿ ಸುಮ್ಮನಾದೆವು.

ನಡೆದದ್ದು ಇಷ್ಟು. ಪಂದ್ಯದ ಕೊನೆಯ ದಾಳಿ. ಈ ಹುಡುಗನ ತಂಡ ಒಂದು ಅಂಕ ಮುಂದಿದೆ. ಎದುರಾಳಿಗಳ ಅಂಗಳದಲ್ಲಿ ಉಳಿದವರು ಮೂವರೇ. ಇವನು ಮಾಡಬೇಕಾದದ್ದೇನು? ಕಬಡ್ಡಿ ಕಬಡ್ಡಿ ಎನ್ನುತ್ತ ಹೋಗಿ, ಅಲ್ಲಿಯ ಮೊದಲ ಗೆರೆಯನ್ನು ದಾಟಿ, ಮೂವತ್ತು ಸೆಕೆಂಡಿನೊಳಗೆ ಸುರಕ್ಷಿತವಾಗಿ ಹಿಂದಕ್ಕೆ ಬರುವುದು. ಯಾರನ್ನೂ ಮುಟ್ಟಬೇಕಾಗಿರಲಿಲ್ಲ. ಬರಿಗೈಯಲ್ಲಿ ಬಂದಿದ್ದರೂ ಗೆಲುವು ಅವರದೇ. ಅವನು ಮಾತ್ರ ಒಳಕ್ಕೆ ನುಗ್ಗಿ ಮೂಲೆಯವನನ್ನು ಮುಟ್ಟಲು ಕಾಲು ಚಾಚಿದ. ಮೂಲೆಯವನು ಆ ಕಾಲನ್ನೇ ಹಿಡಿದ. ಮೂವರೋ ಅದಕ್ಕಿಂತ ಕಡಿಮೆ ಮಂದಿಯೋ ಇದ್ದಾಗ ದಾಳಿಗಾರನನ್ನು ಹಿಡಿದರೆ ಒಂದಕ್ಕೆ ಎರಡು ಅಂಕ ಎಂಬುದನ್ನು ಆಟ ಬಲ್ಲ ಮಕ್ಕಳು ಬಲ್ಲರು. ಒಂದು ಅಂಕದಿಂದ ಗೆಲ್ಲಬೇಕಾದವರು ಒಂದು ಅಂಕದಿಂದ ಸೋತರು.

ಅಲ್ಲಿಂದ ಶುರುವಾಯಿತು. ಸೊಕ್ಕಿನಿಂದ ಹೀಗೆ ಮಾಡಿದ ಎಂದರು ಕೆಲವರು. ಎದುರಾಳಿಗಳಿಂದ ದುಡ್ಡು ತಿಂದಿದ್ದಾನೆ ಎಂದರು ಇನ್ನು ಕೆಲವರು. ಚಂದಾ ಎತ್ತಿ ಬೂಟು ಕೊಡಿಸಿದವರು ಅವನೆದುರಿಗೇ ಬೂಟಿನ ಲೆಕ್ಕ ಹೇಳಿದರು. ಹುಡುಗ ಅಂಗಳಕ್ಕೆ ಹೋಗುವುದನ್ನು ಬಿಟ್ಟ, ಆಮೇಲೆ ಕಾಲೇಜಿಗೆ ಹೋಗುವುದನ್ನೂ ಬಿಟ್ಟ. ಬೆಂಗಳೂರಿಗೆ ಹೋಗಿ ಹೋಟೆಲಿನಲ್ಲಿ ಕೆಲಸಕ್ಕೆ ಸೇರುತ್ತೇನೆಂದು ತಾಯಿಯ ಹತ್ತಿರ ಹೇಳಿದನಂತೆ.

ನಾವು ಅವನನ್ನು ಕರೆಸಿ ಕೇಳಿದೆವು: "ಏಕೆ ಮಗು, ಹಾಗೆ ಮಾಡಿದೆ?" ತಲೆ ತಗ್ಗಿಸಿ ಬಹಳ ಹೊತ್ತು ನಿಂತಿದ್ದ. ಆಮೇಲೆ ಮೆಲ್ಲನೆ, "ಗೊತ್ತಿಲ್ಲ ಬುದ್ಧಿ. ಹಿಂದಕ್ಕೆ ಬಾ ಎಂದು ಎಲ್ಲರೂ ಕೂಗಿದರಂತೆ, ನನಗೆ ಕೇಳಿಸಲಿಲ್ಲ. ಆ ಮೂಲೆಯವನ ಪಾದವೊಂದೇ ಕಂಡಿತು" ಎಂದ.

ಈ ಮಾತನ್ನು ಹಿರಿಯರು ಸ್ವಲ್ಪ ಗಮನಿಸಬೇಕು. ಪಾದವೊಂದೇ ಕಂಡಿತು ಎಂದನಲ್ಲ, ಅದು ನೆಪವಲ್ಲ. ಮನುಷ್ಯನ ಶರೀರ ಭಯದಲ್ಲಿ ಹೀಗೆಯೇ ಕೆಲಸ ಮಾಡುತ್ತದೆ. ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಎರಡು ಪುಟ್ಟ ಗ್ರಂಥಿಗಳು ಕುಳಿತಿವೆ, ಅವಕ್ಕೆ ಅಡ್ರಿನಲ್ ಗ್ರಂಥಿಗಳೆಂದು ಹೆಸರು. ಅಪಾಯ ಬಂತೆಂದು ಮಿದುಳು ಸಾರಿದ ಕೂಡಲೆ ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಡವಗುಟ್ಟುತ್ತದೆ, ಉಸಿರು ಮೇಲಕ್ಕೇರುತ್ತದೆ, ಹೊಟ್ಟೆಯ ಕಡೆಗಿದ್ದ ರಕ್ತ ಕೈಕಾಲುಗಳ ಕಡೆಗೆ ಹರಿಯುತ್ತದೆ. ಹಿಂದಿನಿಂದಲೇ ಕಾರ್ಟಿಸಾಲ್ ಎಂಬ ಇನ್ನೊಂದು ರಸವೂ ಸೇರುತ್ತದೆ. ಕಾಡಿನಲ್ಲಿ ಹುಲಿ ಎದುರಾದಾಗ ಓಡಿಹೋಗಲು ಇಷ್ಟು ಸಿದ್ಧತೆ ಬೇಕೇ ಬೇಕು. ಆದರೆ ಈ ಭರಾಟೆಯಲ್ಲಿ ಹಣೆಯ ಹಿಂದಿರುವ ಮಿದುಳಿನ ಭಾಗ, ಲೆಕ್ಕ ಹಾಕುವ, ತಾಳು ಎನ್ನುವ, ಇದು ಬೇಡ ಅದು ಮಾಡು ಎನ್ನುವ ಭಾಗ, ಮಂಕಾಗುತ್ತದೆ. ದೃಷ್ಟಿಯೂ ಕಿರಿದಾಗುತ್ತದೆ. ಹಿಂದೆ ನಮ್ಮ ಊರುಗಳಲ್ಲಿ ಜಟಕಾ ಗಾಡಿಯ ಕುದುರೆಗೆ ಕಣ್ಣಿನ ಎರಡೂ ಬದಿಗೆ ಚರ್ಮದ ಪಟ್ಟಿ ಕಟ್ಟುತ್ತಿದ್ದರು. ಎದುರಿನದು ಬಿಟ್ಟು ಬೇರೇನೂ ಅದಕ್ಕೆ ಕಾಣುತ್ತಿರಲಿಲ್ಲ. ಹೆದರಿದ ಮನುಷ್ಯನಿಗೆ ಆ ಪಟ್ಟಿಯನ್ನು ಯಾರೂ ಕಟ್ಟಬೇಕಾಗಿಲ್ಲ. ಹೆದರಿಕೆಯಲ್ಲಿ ಗಮನದ ವಿಸ್ತಾರ ಕುಗ್ಗುತ್ತದೆಂಬುದನ್ನು ಈಸ್ಟರ್‌ಬ್ರೂಕ್ ಎಂಬ ವಿದ್ವಾಂಸರು 1959ರಷ್ಟು ಹಿಂದೆಯೇ ವಿವರಿಸಿದ್ದಾರೆ. ಅದನ್ನು ಓದದ ನಮ್ಮ ಹುಡುಗ, ತನಗೆ ಆದದ್ದನ್ನು ಒಂದೇ ವಾಕ್ಯದಲ್ಲಿ ಹೇಳಿದ.

ಇವನೇನೋ ಹದಿನೆಂಟರ ಹುಡುಗ ಎನ್ನಬಹುದು. ಲೋಕವೆಲ್ಲ ಬಲ್ಲ ಆಟಗಾರರಿಗೆ ಏನಾಯಿತು ನೋಡಿ. 1999ರ ಜೂನ್ 17ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವಿಶ್ವಕಪ್ ಕ್ರಿಕೆಟ್ಟಿನ ಸೆಮಿಫೈನಲ್ ಪಂದ್ಯ. ಆಸ್ಟ್ರೇಲಿಯ 213 ಓಟಗಳಿಗೆ ಮುಗಿದಿತ್ತು. ದಕ್ಷಿಣ ಆಫ್ರಿಕಾದ ಕೊನೆಯ ಜೋಡಿ ಕ್ಲೂಸ್ನರ್ ಮತ್ತು ಡೊನಾಲ್ಡ್. ಕೊನೆಯ ಓವರಿಗೆ ಒಂಬತ್ತು ಓಟ ಬೇಕು. ಕ್ಲೂಸ್ನರ್ ಮೊದಲೆರಡು ಎಸೆತಗಳನ್ನೂ ಬೌಂಡರಿಗೆ ಅಟ್ಟಿದ. ಎರಡೂ ತಂಡದ ಲೆಕ್ಕ ಸಮವಾಯಿತು. ನಾಲ್ಕು ಎಸೆತ ಇವೆ, ಬೇಕಾದದ್ದು ಒಂದೇ ಓಟ. ಇಂಥ ಸ್ಥಿತಿ ನಮಗೆ ಸಂಸಾರದಲ್ಲಿ ಬಂದರೆ ದೇವರಿಗೆ ಕಾಯಿ ಒಡೆದು ಕಾಲು ಚಾಚಿ ಕುಳಿತುಬಿಡುತ್ತೇವೆ! ಮೂರನೆಯ ಎಸೆತದಲ್ಲಿ ಡೊನಾಲ್ಡ್ ಮುಂದಕ್ಕೆ ಬಂದುಬಿಟ್ಟು, ಸ್ವಲ್ಪದರಲ್ಲಿ ಔಟಾಗುವುದು ತಪ್ಪಿತು. ಆ ಹೆದರಿಕೆ ಎದೆಯಲ್ಲಿ ಹಸಿಯಾಗಿರುವಾಗಲೇ ನಾಲ್ಕನೆಯ ಎಸೆತ ಬಂತು. ಕ್ಲೂಸ್ನರ್ ಹೊಡೆದವನೇ ಓಡಿದ. ಡೊನಾಲ್ಡನ ಕಣ್ಣು ಚೆಂಡಿನ ಮೇಲೆ, ಜೊತೆಗಾರನ ಮೇಲಲ್ಲ. ಇಬ್ಬರೂ ಒಂದೇ ತುದಿಯಲ್ಲಿ ನಿಂತ ಹಾಗಾಯಿತು. ಎಚ್ಚೆತ್ತು ಓಡಲು ಹೊರಟಾಗ ಅವನ ಕೈಯಿಂದ ಬ್ಯಾಟೇ ಜಾರಿ ಬಿತ್ತು. ಅವನು ಔಟಾದ, ಪಂದ್ಯ ಸಮವಾಯಿತು, ಹಿಂದಿನ ಹಂತದಲ್ಲಿ ಮೇಲಿದ್ದ ಆಸ್ಟ್ರೇಲಿಯ ಫೈನಲಿಗೆ ಹೋಗಿ ಕಪ್ಪನ್ನೂ ಗೆದ್ದಿತು.

ಇನ್ನೂ ಎರಡು ಎಸೆತ ಉಳಿದಿದ್ದವು ಎಂಬುದನ್ನು ಮರೆಯಬೇಡಿ. ಅವಸರವಿರಲಿಲ್ಲ. ಇಬ್ಬರೂ ಒಂದು ಗಳಿಗೆ ಹತ್ತಿರ ಬಂದು, ಅಣ್ಣಾ ಹೀಗೆ ಮಾಡೋಣ ಎಂದು ಮಾತಾಡಿಕೊಳ್ಳಲು ಸಮಯವಿತ್ತು. ಸಮಯವಿದ್ದರೂ ಸಮಯವಿಲ್ಲವೆಂದು ತೋರಿಸುವುದೇ ಈ ಉದ್ವೇಗದ ಕಣ್ಕಟ್ಟು.

ಅದೇ ವರ್ಷದ ಜುಲೈ ತಿಂಗಳಲ್ಲಿ ಸ್ಕಾಟ್ಲೆಂಡಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಗೋಲ್ಫ್ ಎಂಬ ಆಟ ನಮಗೆ ಪರಿಚಯವಿಲ್ಲದ್ದು. ಚೆಂಡನ್ನು ಕೋಲಿನಿಂದ ಹೊಡೆದು ದೂರದ ಕುಳಿಗೆ ಬೀಳಿಸಬೇಕು, ಯಾರು ಕಡಿಮೆ ಹೊಡೆತದಲ್ಲಿ ಮುಗಿಸುತ್ತಾರೋ ಅವರು ಗೆದ್ದರು, ಅಷ್ಟು ತಿಳಿದರೆ ಸಾಕು. ಕಾರ್ನೂಸ್ಟಿ ಎಂಬಲ್ಲಿ ಫ್ರಾನ್ಸಿನ ವಾನ್ ಡ ವೆಲ್ಡ್ ಎಂಬಾತ ಕೊನೆಯ ಕುಳಿಗೆ ಬಂದಾಗ ಮೂರು ಹೊಡೆತ ಮುಂದಿದ್ದ. ನಾಲ್ಕು ಹೊಡೆತದ ಆ ಕುಳಿಯನ್ನು ಆರರಲ್ಲಿ ಮುಗಿಸಿದರೂ ಗೆಲುವು ಅವನದೇ. ಮೆಲ್ಲಗೆ, ಚೆಂಡನ್ನು ಹತ್ತಿರ ಹತ್ತಿರ ತಳ್ಳಿಕೊಂಡು ಹೋಗಬಹುದಾಗಿತ್ತು. ಅವನು ದೊಡ್ಡ ಕೋಲನ್ನೇ ಹಿಡಿದ. ಎರಡನೆಯ ಹೊಡೆತ ಪ್ರೇಕ್ಷಕರ ಅಟ್ಟಣಿಗೆಗೆ ತಗುಲಿ ಹಿಂದಕ್ಕೆ ಚಿಮ್ಮಿ ಹುಲ್ಲಿನ ಪೊದೆಗೆ ಬಿತ್ತು. ಮೂರನೆಯದು ಹಳ್ಳದ ನೀರಿಗೆ. ಬೂಟು ಬಿಚ್ಚಿ, ಪ್ಯಾಂಟು ಮೇಲಕ್ಕೆ ಮಡಚಿ ಹಳ್ಳಕ್ಕೆ ಇಳಿದು ನಿಂತನಂತೆ ಪಾಪ! ಏಳು ಹೊಡೆತವಾಯಿತು. ಆ ದಿನ ಬೆಳಗ್ಗೆ ಹತ್ತು ಹೊಡೆತ ಹಿಂದಿದ್ದ ಪಾಲ್ ಲಾರಿ ಎಂಬಾತ ಕೊನೆಗೆ ಗೆದ್ದುಕೊಂಡು ಹೋದ. ನಮ್ಮ ಕಬಡ್ಡಿ ಹುಡುಗನ ಸಂಗಡ ಇವನನ್ನು ಕೂರಿಸಿ ಮಾತಾಡಿಸಿದರೆ ಭಾಷೆ ಬಾರದಿದ್ದರೂ ಒಬ್ಬರನ್ನೊಬ್ಬರು ಚೆನ್ನಾಗಿ ಅರ್ಥಮಾಡಿಕೊಂಡಾರು.

ಹಾಗಾದರೆ ಒತ್ತಡವೆಂಬುದೇ ಕೆಟ್ಟದ್ದೆ? ಅಲ್ಲ. ಬೆಳಿಗ್ಗೆ ಹಗ್ಗ ಜಗ್ಗುವಾಗ ನೀವೆಲ್ಲ ಕೂಗಿದಿರಿ, ಹುಡುಗರಿಗೆ ಎಲ್ಲಿಲ್ಲದ ಬಲ ಬಂತು. ಅಲ್ಲಿ ಯೋಚನೆಗೆ ಕೆಲಸವಿಲ್ಲ, ಜಗ್ಗುವುದೊಂದೇ. 1908ರಲ್ಲಿ ಅಮೆರಿಕೆಯ ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು ಇಲಿಗಳನ್ನಿಟ್ಟು ಒಂದು ಪ್ರಯೋಗ ಮಾಡಿದರು. ಬಿಳಿಯ ಪೆಟ್ಟಿಗೆಗೆ ಹೋಗಬೇಕು. ಕಪ್ಪು ಪೆಟ್ಟಿಗೆಯನ್ನು ಹೊಕ್ಕರೆ ವಿದ್ಯುತ್ತಿನ ಚುರುಕು ತಗಲುತ್ತದೆ. ಎರಡರ ವ್ಯತ್ಯಾಸ ಢಾಳಾಗಿ ಕಾಣುವಾಗ, ಚುರುಕು ಹೆಚ್ಚಿದಷ್ಟೂ ಇಲಿ ಬೇಗ ಕಲಿಯಿತು. ವ್ಯತ್ಯಾಸ ಸೂಕ್ಷ್ಮವಾದಾಗ ಮಾತ್ರ, ಹದವಾದ ಚುರುಕಿನಲ್ಲಿ ಕಲಿತ ಇಲಿ, ಚುರುಕು ಹೆಚ್ಚಾದಾಗ ಕಲಿಯಲಾರದೆ ಹೋಯಿತು. ಭಾರ ಎತ್ತುವವನಿಗೆ ಚಪ್ಪಾಳೆ ಹೊಡೆಯಿರಿ, ಅಡ್ಡಿಯಿಲ್ಲ. ಗುರಿ ಇಟ್ಟವನ ಕಿವಿಯ ಹತ್ತಿರ ಹೊಡೆಯಬೇಡಿ. ನಮ್ಮ ತಂದೆತಾಯಿಗಳು ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳಿಗೆ ಕೊಡುವ ಚುರುಕು ಯಾವ ಪ್ರಮಾಣದ್ದೆಂಬುದನ್ನು ಅವರವರೇ ಯೋಚಿಸಿಕೊಳ್ಳಲಿ.

ಇನ್ನೊಂದು ವಿಚಿತ್ರ ನೋಡಿ. ಇಸ್ರೇಲಿನ ವಿದ್ವಾಂಸರು ಕಾಲ್ಚೆಂಡಾಟದ 286 ಪೆನಾಲ್ಟಿ ಹೊಡೆತಗಳನ್ನು ಪರಿಶೀಲಿಸಿ 2007ರಲ್ಲಿ ಒಂದು ಲೇಖನ ಪ್ರಕಟಿಸಿದರು. ಗೋಲಿನ ಬಾಗಿಲಲ್ಲಿ ಒಬ್ಬನೇ ಕಾವಲುಗಾರ. ಎದುರಿನವನು ಹನ್ನೆರಡು ಗಜ ದೂರದಿಂದ ಒದೆಯುತ್ತಾನೆ. ಈ ಕಾವಲುಗಾರರು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಲ ಎಡಕ್ಕೋ ಬಲಕ್ಕೋ ನೆಗೆದುಬಿಡುತ್ತಾರೆ. ಆದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಹೊಡೆತಗಳು ನಟ್ಟ ನಡುವೆಯೇ ಬಂದಿದ್ದವು! ನಿಂತಲ್ಲಿಯೇ ನಿಂತವನು ಚೆಂಡನ್ನು ತಡೆದ ಪ್ರಮಾಣ, ನೆಗೆದವನದಕ್ಕಿಂತ ಇಮ್ಮಡಿಗೂ ಹೆಚ್ಚು. ಹಾಗಿದ್ದೂ ಏಕೆ ನೆಗೆಯುತ್ತಾರೆ? ನೆಗೆದು ಸೋತರೆ ಜನ 'ಪಾಪ, ಪ್ರಯತ್ನಪಟ್ಟ' ಎನ್ನುತ್ತಾರೆ. ನಿಂತು ಸೋತರೆ 'ಮರದ ಹಾಗೆ ನಿಂತಿದ್ದ' ಎನ್ನುತ್ತಾರೆ. ಆ ವಿದ್ವಾಂಸರು ಊಹಿಸಿದ ಕಾರಣವೂ ಇದೇ ಬಗೆಯದು. ಚೆಂಡಿನ ಭಯಕ್ಕಿಂತ ಜನರ ಬಾಯಿಯ ಭಯ ದೊಡ್ಡದು. ನಮ್ಮ ಹುಡುಗನಿಗೂ ಬರಿಗೈಯಲ್ಲಿ ಹಿಂದಕ್ಕೆ ಬರುವುದು ಕಷ್ಟವಾಯಿತು. ಚಂದಾ ಕೊಟ್ಟವರೆಲ್ಲ ಗೆರೆಯ ಅಂಚಿನಲ್ಲಿ ನಿಂತಿದ್ದರಲ್ಲ!

ಕೆಲವರಿಗೆ ಉದ್ವೇಗ ಬೇರೆ ಬಗೆಯಲ್ಲಿ ಕಾಡುತ್ತದೆ. ದಿನವೂ ತಾನಾಗಿ ಆಗುವ ಕೆಲಸದ ಮೇಲೆ ಅಂದು ಮನಸ್ಸು ಕಣ್ಣಿಡಲು ಹೊರಡುತ್ತದೆ. ತಾಯಂದಿರಿಗೆ ಇದು ಬೇಗ ಅರ್ಥವಾದೀತು. ಮಾತಾಡುತ್ತ, ಮಗುವನ್ನು ಗದರುತ್ತ ಚಂದ್ರನ ಹಾಗೆ ದುಂಡಗೆ ರೊಟ್ಟಿ ತಟ್ಟುತ್ತೀರಿ. ಹೊಸ ಬೀಗರು ಬಂದು ಪಕ್ಕದಲ್ಲಿ ಕುಳಿತು ನೋಡತೊಡಗಿದರೆ, ಬೆರಳು ಎಲ್ಲಿದೆ, ಅಂಗೈ ಎಲ್ಲಿದೆ ಎಂಬ ಎಚ್ಚರ ಹುಟ್ಟಿ ರೊಟ್ಟಿಯ ಅಂಚು ಹರಿಯುತ್ತದೆ. ನುರಿತ ಕಾಲ್ಚೆಂಡು ಆಟಗಾರರಿಗೆ, ಓಡುವಾಗ ನಿಮ್ಮ ಪಾದದ ಯಾವ ಬದಿ ಚೆಂಡಿಗೆ ತಗಲಿತೆಂದು ಗಮನಿಸಿರಿ ಎಂದು ಹೇಳಿದಾಗ ಅವರ ಆಟ ನಿಧಾನವಾಯಿತೆಂದು ಪರೀಕ್ಷೆಗಳಲ್ಲಿ ಕಂಡಿದ್ದಾರೆ. ಹೊಸಬರಿಗೆ ಅದೇ ಗಮನ ಬೇಕಾಗುತ್ತದೆ, ನುರಿತವರಿಗೆ ಅದೇ ತೊಡಕು.

ಇದಕ್ಕೆ ಉಪಾಯವಿಲ್ಲವೆ? ಇದೆ, ಆದರೆ ಪಂದ್ಯದ ದಿನ ಹುಡುಕಿದರೆ ಸಿಗುವುದಿಲ್ಲ. ಅಭಿನವ್ ಬಿಂದ್ರಾ ಅವರ ಸಂಗತಿ ಕೇಳಿ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಫೈನಲಿಗೆ ಹೋಗಿಯೂ ಏಳನೆಯವರಾದರು. ತಾವು ನಿಂತಿದ್ದ ಜಾಗದ ನೆಲದ ಹಲಗೆ ಸಡಿಲವಾಗಿತ್ತೆಂದು ಆಮೇಲೆ ತಿಳಿಯಿತಂತೆ. ಬೇರೆಯವರಾಗಿದ್ದರೆ ನೆಲವನ್ನು ಬಯ್ದುಕೊಂಡು ಕೂರುತ್ತಿದ್ದರು. ಅವರು ಸಡಿಲವಾದ ನೆಲದ ಮೇಲೆಯೇ ನಿಂತು ಅಭ್ಯಾಸ ಮಾಡಿದರು. 2008ರ ಆಗಸ್ಟ್ 11, ಬೀಜಿಂಗ್. ಫೈನಲ್ ಆರಂಭಕ್ಕೆ ಮುಂಚಿನ ಪರೀಕ್ಷಾರ್ಥ ಗುಂಡು ಹಾರಿಸಿದಾಗ ಬಂದೂಕಿನ ಗುರಿಕಣ್ಣೇ ತಪ್ಪಿರುವುದು ಕಂಡಿತು. ಕೂಗಾಡದೆ ಅದನ್ನು ಸರಿಪಡಿಸಿಕೊಂಡರು. ಕೊನೆಯ ಗುಂಡಿಗೆ ಮೊದಲು ಫಿನ್ಲೆಂಡಿನ ಹಕ್ಕಿನೆನ್ ಅವರೂ ಇವರೂ ಸಮ. ಹಕ್ಕಿನೆನ್ 9.7 ಹೊಡೆದರು, ಬಿಂದ್ರಾ 10.8 ಹೊಡೆದರು. ಒಬ್ಬ ಭಾರತೀಯ ಒಂಟಿಯಾಗಿ ಗೆದ್ದ ಮೊದಲ ಒಲಿಂಪಿಕ್ ಚಿನ್ನ ಅದು.

ಗುರಿಕಾರರನ್ನೂ ಬಾಸ್ಕೆಟ್‌ಬಾಲ್ ಆಡುವವರನ್ನೂ ಪರೀಕ್ಷಿಸಿದ ಕೆನಡಾದ ಜೋನ್ ವಿಕರ್ಸ್ ಎಂಬ ವಿದುಷಿ, ನುರಿತವರ ಕಣ್ಣು ಕ್ರಿಯೆಗೆ ಮುಂಚೆ ಒಂದೇ ಕಡೆ ಹೆಚ್ಚು ಹೊತ್ತು ನೆಲಸುತ್ತದೆ ಎಂದು ಕಂಡುಕೊಂಡು ಅದನ್ನು ನಿಶ್ಚಲ ದೃಷ್ಟಿ ಎಂಬರ್ಥದ ಹೆಸರಿನಿಂದ ಕರೆದರು. ಅಂಗೈಯ ಲಿಂಗದಲ್ಲಿ ದೃಷ್ಟಿ ನಿಲ್ಲಿಸಿ ಕೂರುವ ನಮಗೆ ಇದು ತೀರ ಅಪರಿಚಿತವಲ್ಲ. ಹಾಗೆಂದು ನಾಳೆಯಿಂದ ಕಬಡ್ಡಿ ಗೆಲ್ಲುವುದಕ್ಕಾಗಿ ಲಿಂಗಪೂಜೆಗೆ ಕೂರಬೇಡಿ. ಪೂಜೆಯೂ ಕೆಡುತ್ತದೆ, ಕಬಡ್ಡಿಯೂ ಕೆಡುತ್ತದೆ!

ಜನರ ಬಾಯಿಯ ಮಾತು ಬಂತಲ್ಲ, ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ ಅವರನ್ನು ನೆನೆಯದಿದ್ದರೆ ಆಗದು. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನೊಡನೆ ಸುವರ್ಣ ಮಹೋತ್ಸವದ ಟೆಸ್ಟ್. ವಿಶ್ವನಾಥ್ ನಾಯಕರು. ಇಂಗ್ಲೆಂಡು 58ಕ್ಕೆ ಐದು ವಿಕೆಟ್ ಕಳೆದುಕೊಂಡಿತ್ತು. ಆಗ ಕಪಿಲ್‌ದೇವರ ಎಸೆತದಲ್ಲಿ ಬಾಬ್ ಟೇಲರ್ ಔಟೆಂದು ಅಂಪೈರು ಬೆರಳೆತ್ತಿದರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಖಚಿತವಾಗಿತ್ತು. ಅಂಪೈರರ ಹತ್ತಿರ ಹೋಗಿ ಹೇಳಿ ಟೇಲರನ್ನು ವಾಪಸು ಕರೆಸಿದರು. ಆಮೇಲೆ ಟೇಲರನೂ ಬಾಥಮನೂ ಸೇರಿ 171 ಓಟಗಳ ಜೊತೆಯಾಟವಾಡಿದರು, ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಆ ನಿರ್ಣಯ ತಪ್ಪೆಂದು ಲೆಕ್ಕ ಹಾಕುವವರು ಇದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಸಾವಿರಾರು ಜನರ ಕೇಕೆಯ ನಡುವೆ, ಗೆಲುವು ಕೈಗೆ ಬಂದ ಹೊತ್ತಿನಲ್ಲಿ, ತಾನು ಕಂಡದ್ದನ್ನು ಕಂಡ ಹಾಗೆಯೇ ಇಟ್ಟುಕೊಳ್ಳಲು ಎಷ್ಟು ತಣ್ಣನೆಯ ಮನಸ್ಸು ಬೇಕು!

ಹಿಂದಕ್ಕೆ ಸರಿಯುವುದೂ ಒಂದು ನಿರ್ಣಯವೇ. 2021ರ ಜುಲೈನಲ್ಲಿ ಟೋಕಿಯೋದಲ್ಲಿ ಅಮೆರಿಕೆಯ ಸಿಮೋನ್ ಬೈಲ್ಸ್ ಎಂಬ ಹೆಣ್ಣುಮಗಳು ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಬೇಕಾದಲ್ಲಿ ಒಂದೂವರೆ ಸುತ್ತಿಗೆ ಇಳಿದಳು. ಆಕಾಶದಲ್ಲಿ ತನಗೆ ದಿಕ್ಕು ತಪ್ಪುತ್ತಿದೆ ಎಂದು ತಿಳಿದು ತಂಡದ ಸ್ಪರ್ಧೆಯಿಂದ ಹೊರಬಂದಳು. ಹಾಗೆ ಮುಂದುವರಿದಿದ್ದರೆ ಕತ್ತು ಮುರಿಯುವ ಅಪಾಯ. ಹೇಡಿ ಎಂದು ಬಯ್ದವರು ಎಷ್ಟೋ ಮಂದಿ. ಅವಳ ಸಂಗಡಿಗರು ಬಯ್ಯಲಿಲ್ಲ, ಅವಳು ಬದಿಯಲ್ಲಿ ನಿಂತು ಅವರಿಗೆ ಚಪ್ಪಾಳೆ ತಟ್ಟಿದಳು. 2024ರಲ್ಲಿ ಪ್ಯಾರಿಸ್ಸಿಗೆ ಬಂದು ಮೂರು ಚಿನ್ನ, ಒಂದು ಬೆಳ್ಳಿ ಗೆದ್ದಳು.

ಈಗ ಆ ಗೃಹಸ್ಥರ ಕಡೆಗೆ ಬರೋಣ. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ, ಹೆಸರು ಮಾತ್ರ ಹೇಳುವುದಿಲ್ಲ. ನಾವು ಅವರನ್ನು ಕೇಳಿದೆವು: "ಆ ದಿನ ಸೋತು ಮಗ ಮನೆಗೆ ಬಂದಾಗ ಮೊದಲು ಏನು ಹೇಳಿದಿರಿ?" ಅವರು ಕಂಬಕ್ಕೆ ಒರಗಿ ಕುಳಿತಿದ್ದವರು ನೆಟ್ಟಗೆ ಕುಳಿತರು. "ಏನೂ ಹೇಳಲಿಲ್ಲ ಬುದ್ಧಿ. ಎಂಟು ದಿನ ಅವನ ಹತ್ತಿರ ಮಾತೇ ಆಡಲಿಲ್ಲ" ಎಂದರು. "ಉಂಡನೆ, ಬಿಟ್ಟನೆ ಎಂದು ಕೇಳಿದಿರಾ?" ಎಂದೆವು. ಅವರ ಕಣ್ಣಲ್ಲಿ ನೀರು ಬಂತು. ಅವರು ಕೆಟ್ಟವರಲ್ಲ. ಮಗನ ಎದೆ ಹೇಗೆ ಹೊಡೆದುಕೊಂಡಿತೋ ಗೆರೆಯ ಅಂಚಿನಲ್ಲಿ ನಿಂತ ಇವರ ಎದೆಯೂ ಹಾಗೆಯೇ ಹೊಡೆದುಕೊಂಡಿತ್ತು, ಇವರ ಕಣ್ಣಿಗೂ ಪಟ್ಟಿ ಕಟ್ಟಿತ್ತು. ಸೋಲೊಂದೇ ಕಂಡಿತು, ಹುಡುಗ ಕಾಣಲಿಲ್ಲ.

ದೈಹಿಕ ಶಿಕ್ಷಕರಿಗೆ ನಾವು ಒಂದು ಸೂಚನೆ ಕೊಟ್ಟಿದ್ದೇವೆ. ವಾರಕ್ಕೆರಡು ಸಂಜೆ ಅಭ್ಯಾಸದ ಕೊನೆಗೆ, ದಣಿದಿರುವಾಗಲೇ, ಒಂದು ಅಂಕ ಮುಂದಿದ್ದೀರಿ, ಕೊನೆಯ ದಾಳಿ ಎಂದು ಹೇಳಿ ಆಡಿಸಬೇಕು. ಸುತ್ತ ನಿಂತವರು ಬಾಯಿಗೆ ಬಂದ ಹಾಗೆ ಕೂಗಬೇಕು, ತಮಟೆ ಬಾರಿಸಬೇಕು. ದಾಳಿಗೆ ಹೋಗುವವನು ಗೆರೆಯ ಮೇಲೆ ನಿಂತು ಒಂದು ಸಲ ಪೂರ್ತಿ ಉಸಿರು ಬಿಟ್ಟು, ಲೆಕ್ಕ ಎಷ್ಟು, ನಾನು ಮಾಡಬೇಕಾದದ್ದು ಏನು ಎಂದು ತನಗೆ ತಾನೇ ಬಾಯಿಬಿಟ್ಟು ಹೇಳಿಕೊಂಡು ಒಳಕ್ಕೆ ಹೋಗಬೇಕು. ಹೀಗೆ ಒತ್ತಡವನ್ನಿಟ್ಟುಕೊಂಡು ಪಳಗಿದವರು ಪಂದ್ಯದಲ್ಲಿ ಕಡಿಮೆ ಕಂಗೆಡುತ್ತಾರೆಂದು ತಿಳಿದವರು ಹೇಳುತ್ತಾರೆ. ಬರಿಗೈಯಲ್ಲಿ ಹಿಂದಕ್ಕೆ ಬಂದವನಿಗೆ ಎಲ್ಲರೂ ಚಪ್ಪಾಳೆ ಹೊಡೆಯಬೇಕು, ಇದು ನಮ್ಮ ಅಪ್ಪಣೆ.

ಆ ಹುಡುಗ ಬೆಂಗಳೂರಿಗೆ ಹೋಗಿಲ್ಲ. ಹೋದ ಸೋಮವಾರದಿಂದ ಕಾಲೇಜಿಗೆ ಹೋಗುತ್ತಿದ್ದಾನೆ, ಅಂಗಳಕ್ಕೆ ಇನ್ನೂ ಇಳಿದಿಲ್ಲ. ಇಂದು ಬೆಳಗ್ಗೆ ಸಣ್ಣ ಮಕ್ಕಳ ಕಬಡ್ಡಿಗೆ ಸುಣ್ಣದ ಗೆರೆ ಎಳೆದವನು ಅವನೇ. ಮೊದಲ ಗೆರೆ ಸ್ವಲ್ಪ ಸೊಟ್ಟಗಾಗಿತ್ತು, ಯಾರೂ ಏನೂ ಹೇಳದೆ ಇದ್ದಾಗ ತಾನೇ ಅಳಿಸಿ ಇನ್ನೊಂದು ಎಳೆದ. ಅವನ ತಂದೆ ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡಿದ್ದರು. ನಾವು ಮೇಲಿನ ಪೌಳಿಯಿಂದ ನೋಡುತ್ತಿದ್ದೆವು.

ಇನ್ನು ಬಹುಮಾನ ಹಂಚುವ ಕೆಲಸವಿದೆ. ಅಡುಗೆಯವರು ಆಗಲೇ ಎರಡು ಸಲ ಬಂದು ಇಣುಕಿ ನೋಡಿ ಹೋದರು. ಚಿಕ್ಕ ಮಕ್ಕಳು ಮೊದಲು ಪಂಕ್ತಿಗೆ ಕೂರಲಿ.